ಮಸುಕಿನ ಮೋಹ

ಹಳೆಯ ಚಲಚ್ಚಿತ್ರ ಕ್ಯಾಮರಾಗಳ ಲೆನ್ಸುಗಳನ್ನು ಹುಡುಕಿ ತಂದು ಸ್ಥಿರಚಿತ್ರದ ಕ್ಯಾಮರಾಗಳಿಗೆ ಜೋಡಿಸುವ ಹವ್ಯಾಸವೊಂದು ಛಾಯಾಗ್ರಾಹಕರಲ್ಲಿ ಬೆಳೆದಿದೆ. ಇಂಥವುಗಳಲ್ಲಿ ವಿಶೇಷ ಮನ್ನಣೆ ಪಡೆದಿರುವುದು ಫ್ರಾನ್ಸಿನ ಪಿಯರ್ ಆಂಜೆನ್ಯೂ 1953ರಲ್ಲಿ ಹೊರತಂದ ಎಫ್/0.95 ಲೆನ್ಸು. ಎಫ್/2ರ ಲೆನ್ಸಿಗಿಂತ ಇದು ನಾಲ್ಕು ಪಟ್ಟಿಗೂ ಮಿಕ್ಕ ಬೆಳಕನ್ನು ಒಳಕ್ಕೆ ಬಿಡುತ್ತದೆ. ಅಂದಿನ ಫಿಲ್ಮಿಗೆ ಬೆಳಕು ಹೆಚ್ಚು ಬೇಕಾಗಿದ್ದುದರಿಂದ, ಮಬ್ಬಿನಲ್ಲಿ ಚಿತ್ರ ತೆಗೆಯುವವನಿಗೆ ಇದು ಅಗತ್ಯದ ಸಾಧನವೇ ಆಗಿತ್ತು.

ಇದರ 25 ಮಿಲಿಮೀಟರ್ ಲೆನ್ಸು 16 ಮಿಲಿಮೀಟರ್ ಫಿಲ್ಮಿಗೆಂದು ಮಾಡಿದ್ದು. ಆ ಫಿಲ್ಮಿನ ಚಿತ್ರದ ಅಗಲ ಸುಮಾರು 10 ಮಿಲಿಮೀಟರ್. ಒಳಗೆ ಕನ್ನಡಿಯಿದ್ದ ಕ್ಯಾಮರಾಗಳಲ್ಲಿ ಇದನ್ನು ಬೇಕಾದಷ್ಟು ಹಿಂದಕ್ಕೆ ಕೂರಿಸಲು ಜಾಗವಿರಲಿಲ್ಲ. 2008ರಲ್ಲಿ ಕನ್ನಡಿಯಿಲ್ಲದ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮರಾ ಬಂದು ಆ ತೊಡಕು ನೀಗಿತು. ಆದರೆ ಅದರಲ್ಲಿ ಬಿಂಬ ಬೀಳುವ ಪಟಲದ ಅಗಲ 17.3 ಮಿಲಿಮೀಟರ್. ಚಿಕ್ಕ ಚೌಕಟ್ಟು ಮರೆಮಾಡಿದ್ದ ಅಂಚಿನ ದೋಷಗಳು ಬಯಲಿಗೆ ಬಂದವು: ಮೂಲೆಗಳು ಕಪ್ಪಾಗುತ್ತವೆ, ಹಿನ್ನೆಲೆ ಸುಳಿಯಂತೆ ತಿರುಗುತ್ತದೆ. ಹವ್ಯಾಸಿಗಳು ಕೊಂಡಾಡುವುದು ಇವನ್ನೇ.

ದೋಷವೂ ಗುಣವಾಗಬಲ್ಲುದೆಂದು ನಮ್ಮ ಲಾಕ್ಷಣಿಕರು ಬಲ್ಲರು. ಆದರೆ ಸಂದರ್ಭ ಅದನ್ನು ಬೇಡಬೇಕು. ಕ್ಷೇಮೇಂದ್ರ ಔಚಿತ್ಯಕ್ಕೆ ಅಷ್ಟು ದೊಡ್ಡ ಸ್ಥಾನ ಕೊಟ್ಟುದು ಸುಮ್ಮನೆ ಅಲ್ಲ. 1975ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದ. ನಾಸಾ ಸಂಸ್ಥೆಗೆಂದು ಝೈಸ್ ತಯಾರಿಸಿದ್ದ ಎಫ್/0.7 ಸ್ಥಿರಚಿತ್ರದ ಲೆನ್ಸನ್ನು ಚಲಚ್ಚಿತ್ರ ಕ್ಯಾಮರಾಕ್ಕೆ ಹೊಂದಿಸಿ, ಹದಿನೆಂಟನೆಯ ಶತಮಾನದ ಕೋಣೆಗಳನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಚಿತ್ರಿಸಿದ. ಅಲ್ಲಿನ ಮಸುಕು ಆ ಬೆಳಕಿಗೆ ತೆತ್ತ ಬೆಲೆ.

ನಾನು ನೋಡಿದ ಈ ಬಗೆಯ ಅನೇಕ ಚಿತ್ರಗಳಲ್ಲಿ ಅಂಥ ಒತ್ತಾಯವಿಲ್ಲ. ನಡುಹಗಲಿನಲ್ಲೂ ಲೆನ್ಸು ಪೂರ್ತಿ ತೆರೆದೇ ಇರುತ್ತದೆ. ಕಣ್ಣು ಸ್ಪಷ್ಟ, ಕಿವಿ ಮಸುಕು, ಹಿಂದಿನ ಅಂಗಡಿ, ಮರ, ಜನ ಎಲ್ಲ ಬಣ್ಣದ ಬಿಂದುಗಳು. ಚಲಚ್ಚಿತ್ರದಲ್ಲಿ ಅಳಿಸಿದ ಊರನ್ನು ಮುಂದಿನ ದೃಶ್ಯ ಮರಳಿ ತೋರಿಸಬಹುದು. ಸ್ಥಿರಚಿತ್ರಕ್ಕೆ ಮುಂದಿನ ದೃಶ್ಯವಿಲ್ಲ. ಆ ಮುಖ ಯಾವ ಬೀದಿಯದು, ಯಾರ ನಡುವಿನದು ಎಂಬುದು ಶಾಶ್ವತವಾಗಿ ಹೋಯಿತು. ಮೈಸೂರಿನ ಹುಡುಗಿಯೂ ಮಾರ್ಸೇಲ್ಸಿನ ಹುಡುಗಿಯೂ ಒಂದೇ ಮಂಜಿನಲ್ಲಿ ನಿಲ್ಲುತ್ತಾರೆ.

ಹಳೆಯ ಗಾಜನ್ನು ಎಸೆಯಿರೆಂದು ನಾನು ಹೇಳುತ್ತಿಲ್ಲ. ಒಂದೇ ದೀಪ ಉರಿಯುವ ಒಳಮನೆಯಲ್ಲಿ ಅಜ್ಜಿಯೊಬ್ಬಳು ಕುಳಿತಿದ್ದರೆ, ಅವಳ ಸುತ್ತ ಆ ಕಪ್ಪು ಅಂಚು ತಾನಾಗಿ ಹೊಂದೀತು. ಬೆಳಕು ಧಾರಾಳವಾಗಿರುವ ಬೀದಿಯಲ್ಲಾದರೋ ಲೆನ್ಸಿನ ಬಾಯಿಯನ್ನು ಸ್ವಲ್ಪ ಕಿರಿದು ಮಾಡಿ, ಆ ಬೀದಿಗೂ ಚಿತ್ರದಲ್ಲಿ ಜಾಗ ಕೊಡಬೇಕೆಂಬುದಷ್ಟೇ ನನ್ನ ವಾದ.