ಲಾಳಿ ಕಾಣುತ್ತದೆ, ಹಾಸು ಕಾಣುವುದಿಲ್ಲ

ಇಳಕಲ್ಲಿನ ನೇಕಾರರ ಮನೆಯೊಂದು ಬಂಗಾಳಕೊಲ್ಲಿಯ ಉಪ್ಪುಗಾಳಿಯಲ್ಲಿ ನಿಂತಿದೆ. ಚೆನ್ನೈಯಿಂದ ಮಹಾಬಲಿಪುರದ ಕಡೆ ಹೋಗುವ ಕಡಲದಂಡೆಯ ರಸ್ತೆಯಲ್ಲಿ, ಮುಟ್ಟುಕಾಡಿನ ದಕ್ಷಿಣಚಿತ್ರದಲ್ಲಿ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು, ಕಂಬ ತೊಲೆಗಳನ್ನು ಮತ್ತೆ ಜೋಡಿಸಿ ಕಟ್ಟಿದ ಊರು ಅದು. ಡೆಬೊರಾ ತ್ಯಾಗರಾಜನ್ ಅವರ ಮದ್ರಾಸ್ ಕ್ರಾಫ್ಟ್ ಫೌಂಡೇಶನ್ 1984ರಲ್ಲಿ ಶುರುವಾಯಿತು. ಅವರ ಕನಸಿಗೆ ಲಾರಿ ಬೇಕರ್ ನಕ್ಷೆಯ ರೂಪ ಕೊಟ್ಟರು. 1996ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಮನೆಯ ಜೊತೆಗೆ ಮನೆಯವರ ಕಸುಬನ್ನೂ ತೋರಿಸಬೇಕು ಎಂಬ ಆಲೋಚನೆಗೆ ಇದಕ್ಕಿಂತ ನೂರು ವರ್ಷ ಹಿಂದಿನ ಬೇರಿದೆ. ಆರ್ಟುರ್ ಹಜೇಲಿಯಸ್ 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಟ್ಟಿದ ಸ್ಕಾನ್ಸೆನ್ ಇಂಥ ಬಯಲು ಮ್ಯೂಸಿಯಮ್ಮುಗಳ ತಾಯಿ.

ದಕ್ಷಿಣಚಿತ್ರದಲ್ಲಿ ನೇಕಾರರ ಮನೆ ಇಳಕಲ್ಲಿನದೊಂದೇ ಅಲ್ಲ. ಕಂಚಿಯ ರೇಷ್ಮೆ ನೇಕಾರರದೊಂದಿದೆ, ನಲ್ಗೊಂಡ ಜಿಲ್ಲೆಯ ಇಕ್ಕತ್ ನೇಕಾರರದೊಂದಿದೆ. ಮೂರು ನಾಡಿನ ಮೂರು ನೇಯ್ಗೆಯ ಮನೆಗಳನ್ನು ಒಂದೇ ಮಧ್ಯಾಹ್ನ ಸುತ್ತಿಬರಬಹುದಾದ ಜಾಗ ಬೇರೆಲ್ಲಿ ಸಿಕ್ಕೀತು? ಇಲ್ಲಿ ನನ್ನ ತಕರಾರು ಆ ಜಾಗದ ಮೇಲಿನದಲ್ಲ. ಮ್ಯೂಸಿಯಮ್ಮು, ಮೇಳ, ಉತ್ಸವ ಎಲ್ಲಿ ಹೋದರೂ ಒಂದೇ ಅಚ್ಚಿನಲ್ಲಿ ಎದುರಾಗುವ ‘ನೇಯ್ಗೆಯ ಪ್ರಾತ್ಯಕ್ಷಿಕೆ’ ಎಂಬ ಪ್ರಕಾರದ ಮೇಲಿನದು.

ಆ ಅಚ್ಚು ಎಲ್ಲರಿಗೂ ಗೊತ್ತು. ಒಂದು ಮಗ್ಗ, ಒಬ್ಬ ನೇಕಾರ. ಜನ ಬಂದು ನಿಂತೊಡನೆ ಲಾಳಿ ಓಡುತ್ತದೆ, ಖಟಕ್ ಖಟಕ್ ಸದ್ದು ಹುಟ್ಟುತ್ತದೆ, ಮೊಬೈಲುಗಳು ಮೇಲೇಳುತ್ತವೆ. “ಒಂದು ಸೀರೆಗೆ ಎಷ್ಟು ದಿನ?” ಎಂದು ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಉತ್ತರ ಬರುವಷ್ಟರಲ್ಲಿ ಅರ್ಧ ಜನ ಪಕ್ಕದ ಕುಂಬಾರನ ತಿಗರಿಯ ಮುಂದಿರುತ್ತಾರೆ. ಜನ ಸರಿದ ಮೇಲೆ ಮಗ್ಗ ಸುಮ್ಮನಾಗುತ್ತದೆ. ನಾನೊಂದು ಕೆಟ್ಟ ಚಟ ಬೆಳೆಸಿಕೊಂಡಿದ್ದೇನೆ. ಇಂಥ ಕಡೆ ಹೋದಾಗ ನೇಯುವ ಕೈಯನ್ನು ಬಿಟ್ಟು, ನೇಯ್ದ ಬಟ್ಟೆ ಸುತ್ತಿಕೊಳ್ಳುವ ದಿಂಡಿನ ಮಡಿಕೆ ನೋಡುತ್ತೇನೆ. ಅಲ್ಲಿ ಧೂಳು ಕೂತಿದ್ದರೆ, ಬಿಸಿಲಿಗೆ ಬಣ್ಣ ಮಾಸಿದ ಗೆರೆಯೊಂದು ಮೂಡಿದ್ದರೆ, ಆ ಸೀರೆ ಯಾರ ಮೈಗೂ ಹೋಗುವುದಿಲ್ಲ ಎಂದು ತಿಳಿಯುತ್ತದೆ. ಅದು ಸೀರೆಯಲ್ಲ, ರಂಗಸಜ್ಜಿಕೆ.

“ಬದುಕಿನಲ್ಲಿ ಹಾಸುಹೊಕ್ಕಾಗಿದೆ” ಎಂದು ನಾವು ಕನ್ನಡದವರು ಮಾತುಮಾತಿಗೂ ಬರೆಯುತ್ತೇವೆ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ಹೊಕ್ಕು ಅಂದರೆ ಲಾಳಿಯೊಳಗಿನ ಕಂಡಿಕೆಯಿಂದ ಬಿಚ್ಚಿಕೊಂಡು ಅಡ್ಡಕ್ಕೆ ಹಾಯುವ ನೂಲು. ಪ್ರಾತ್ಯಕ್ಷಿಕೆ ನಮಗೆ ತೋರಿಸುವುದು ಹೊಕ್ಕನ್ನು ಮಾತ್ರ. ಹಾಸು ಎಲ್ಲಿಂದಲೋ ಸಿದ್ಧವಾಗಿ ಬಂದು ಕೂತಿರುತ್ತದೆ, ನಾಟಕದ ಪರದೆಯ ಹಾಗೆ. ದಕ್ಷಿಣಚಿತ್ರಕ್ಕೆ ಮನೆ ಕೊಟ್ಟ ಮೂರೂ ನೇಯ್ಗೆಗಳ ಜಾಣತನವೆಲ್ಲ ಇರುವುದು ಲಾಳಿ ಓಡುವುದಕ್ಕೆ ಮುಂಚೆಯೇ, ಇಲ್ಲವೇ ಲಾಳಿ ನಿಂತಾಗ.

ಇಳಕಲ್ಲ ಸೀರೆಯನ್ನೇ ನೋಡಿ. ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು. ಮೈ ಹತ್ತಿಯದಿರಬಹುದು, ರೇಷ್ಮೆಯದಿರಬಹುದು. ಬಿಳಿ ತೆನೆಗಳ ಆ ಕೆಂಪು ಸೆರಗು ರೇಷ್ಮೆಯದು, ಅಗ್ಗದ ಸೀರೆಯಾದರೆ ಕೃತಕ ರೇಷ್ಮೆಯದು. ಎರಡು ಹಾಸುಗಳ ತುದಿಗಳನ್ನು ಕುಣಿಕೆಯೊಳಗೆ ಕುಣಿಕೆ ತೂರಿಸಿ ಎಳೆಗೆ ಎಳೆ ಕೂಡಿಸಬೇಕು. ಇದೇ ಕೊಂಡಿ. ಈ ಕೂಡಿಕೆಯಿರುವುದರಿಂದಲೇ ಹತ್ತು ಸೀರೆಗಾಗುವಷ್ಟು ಹಾಸನ್ನು ಒಮ್ಮೆಗೇ ಮಗ್ಗಕ್ಕೇರಿಸಿ ಸಲೀಸಾಗಿ ನೇಯುತ್ತ ಹೋಗಲಾಗದು. ಸೀರೆಗೊಂದು ಹಾಸು, ಸೀರೆಗೊಂದು ಕೊಂಡಿ. ಕಂಚಿಯ ಮನೆಯ ಕಥೆಯೂ ಹೆಚ್ಚುಕಡಿಮೆ ಇದೇ. ಮೈಯ ಹಾಸಿನ ಎಳೆಗಳಿಗೆ ಬೇರೆ ಬಣ್ಣದ ಸೆರಗಿನ ಎಳೆಗಳನ್ನು ಕೂಡಿಸುವ ಕೆಲಸಕ್ಕೆ ಅಲ್ಲಿ ಪೇಟ್ನಿ ಅನ್ನುತ್ತಾರೆ. ಅಂಚಿಗೊಂದು ಮೈಗೊಂದು ಲಾಳಿ ಓಡಿಸಿ ನಡುವೆ ಬೆಸೆಯುವ ಕೊರ್ವೈಗೆ ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕು. ಇಳಕಲ್ಲೂ ಕಂಚಿಯೂ ಒಂದೇ ಆವರಣದ ನೆರೆಹೊರೆಯವರಾಗಿರುವಾಗ ಈ ಎರಡು ಬೆಸುಗೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಎಂಥ ಪಾಠವಾದೀತು! ಆದರೆ ಕೊಂಡಿ ಹಾಕುವಾಗ ಸದ್ದಿಲ್ಲ, ಓಟವಿಲ್ಲ. ಗಂಟೆಗಟ್ಟಲೆ ಬಗ್ಗಿದ ಕತ್ತು ಮತ್ತು ಬೆರಳು, ಅಷ್ಟೆ. ವಿಡಿಯೋ ಚೆನ್ನಾಗಿ ಬರುವುದಿಲ್ಲ.

ಮೂರನೆಯ ಮನೆ ಇನ್ನೂ ಕಷ್ಟದ ಪ್ರಶ್ನೆ ಎತ್ತುತ್ತದೆ. ಇಕ್ಕತ್ತಿನಲ್ಲಿ ಚಿತ್ತಾರ ಹುಟ್ಟುವುದು ಮಗ್ಗದ ಮೇಲಲ್ಲ, ನೂಲನ್ನು ಕಟ್ಟಿ ಬಣ್ಣಕ್ಕದ್ದುವಾಗ. ಕಟ್ಟುವ ಮೊದಲು ನೂಲನ್ನು ಗೂಟಗಳ ಸುತ್ತ ಲೆಕ್ಕ ತಪ್ಪದೆ ಸುತ್ತಬೇಕು. ತೆಲುಗಿನವರು ಅದನ್ನು ಆಸು ಎನ್ನುತ್ತಾರೆ. ಒಂದು ಸೀರೆಗೆ ಕೈ ಸುಮಾರು 9,000 ಸಲ ಆಚೆಯಿಂದೀಚೆಗೆ ಹೋಗಿಬರಬೇಕು, ಮಾಡುವವರು ಹೆಂಗಸರು. ತಾಯಿಯ ಹೆಗಲುನೋವು ನೋಡಲಾರದೆ ಆ ಸೀಮೆಯವರೇ ಆದ ಚಿಂತಕಿಂದಿ ಮಲ್ಲೇಶಂ 1999ರಲ್ಲಿ ಇದಕ್ಕೊಂದು ಯಂತ್ರ ಕಟ್ಟಿದರು, ತಾಯಿಯ ಹೆಸರನ್ನೇ ಇಟ್ಟು ಲಕ್ಷ್ಮೀ ಆಸು ಎಂದು ಕರೆದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈಗ ಹೇಳಿ, ಇಕ್ಕತ್ ಮನೆಯೊಂದರಲ್ಲಿ ಏನನ್ನು ತೋರಿಸಬೇಕು? ಕೈಯಾಸನ್ನೋ, ಯಂತ್ರವನ್ನೋ? ‘ಪರಂಪರೆ’ಯ ಹೆಸರಿನಲ್ಲಿ ಕೈಯಾಸನ್ನು ಮಾತ್ರ ಇಟ್ಟರೆ, ನೇಕಾರರೇ ಬೇಡವೆಂದು ಕಳಚಿಟ್ಟ ನೋವನ್ನು ನಾವು ಟಿಕೆಟ್ ಕೊಟ್ಟು ನೋಡಿದ ಹಾಗಾಗುತ್ತದೆ. ನನ್ನ ಮಟ್ಟಿಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟ ಮನೆಯೇ ‘ಜೀವಂತ’ ಎಂಬ ವಿಶೇಷಣಕ್ಕೆ ತಕ್ಕದ್ದು. ಕಸುಬು ಗಡಿಯಾರ ನಿಲ್ಲಿಸಿಕೊಂಡು ಕೂತಿರುವುದಿಲ್ಲ.

ಹಾಗೆಂದು ಪ್ರಾತ್ಯಕ್ಷಿಕೆಯೇ ಬೇಡ ಎನ್ನುವವನಲ್ಲ ನಾನು. ಕುಣಿಮಗ್ಗವನ್ನು ಚಿತ್ರದಲ್ಲಿ ನೂರು ಸಲ ನೋಡಿದರೂ ನೇಕಾರನ ಸೊಂಟ ನೆಲದ ಮಟ್ಟದಲ್ಲಿ, ಕಾಲು ಕುಣಿಯಲ್ಲಿ ಯಾಕೆ ಎಂಬುದು ಹೊಳೆಯುವುದಿಲ್ಲ. ಹತ್ತಿರ ಕೂತಾಗ ಕುಣಿಯಿಂದ ಏಳುವ ತಂಪು ಮುಖಕ್ಕೆ ತಾಗುತ್ತದೆ. ಆ ತಂಪಿಗೇ ನೂಲು ಹರಿಯುವುದು ಕಡಿಮೆ. ನೋಡಲು ಬಂದವರ ಕೈಗೆ ಲಾಳಿ ಕೊಡುವುದನ್ನು ಅಗ್ಗದ ಆಟವೆಂದು ಮೊದಮೊದಲು ಮೂಗು ಮುರಿಯುತ್ತಿದ್ದೆ, ಈಗ ಇಲ್ಲ. ಲಾಳಿ ಅರ್ಧದಾರಿಯಲ್ಲಿ ನೆಲಕ್ಕೆ ಬಿದ್ದಾಗ ಶಾಲೆಯ ಹುಡುಗನ ಮುಖದಲ್ಲಿ ಮೂಡುವ ಪೆಚ್ಚುನಗೆ, ಹತ್ತು ಫಲಕಗಳು ಕಲಿಸದ್ದನ್ನು ಕಲಿಸುತ್ತದೆ. ದೆಹಲಿಯ ಕರಕುಶಲ ಮ್ಯೂಸಿಯಮ್ಮಿನಲ್ಲಿ ಕಸುಬುದಾರರನ್ನು ಊರುಗಳಿಂದ ಕರೆಸಿ, ಮಾಡಿ ತೋರಿಸಿದ್ದನ್ನು ಅವರೇ ಮಾರುವಂತೆ ರೂಪಿಸಿದ ವ್ಯವಸ್ಥೆಯನ್ನೂ ಮೆಚ್ಚಬೇಕು. ಮಾರುವ ಬಟ್ಟೆಯ ಮಡಿಕೆಯಲ್ಲಿ ಧೂಳು ಕೂರುವುದಿಲ್ಲ.

ಅಲ್ಲೂ ಉಳಿಯುವ ಕೊರತೆ ಒಂದೇ. ನೇಯ್ಗೆಯನ್ನು ಒಬ್ಬನ ಕಲೆಯಾಗಿ ತೋರಿಸುವುದು. 2019–20ರ ಕೈಮಗ್ಗ ಗಣತಿಯಲ್ಲಿ ನೇಕಾರರೂ ಪೂರಕ ಕೆಲಸದವರೂ ಸೇರಿ 35 ಲಕ್ಷಕ್ಕೂ ಹೆಚ್ಚು ಮಂದಿ ಲೆಕ್ಕಕ್ಕೆ ಸಿಕ್ಕಿದರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. (ನೇಯುವವರೇ ಹೆಂಗಸರಾಗಿರುವ ಈಶಾನ್ಯದ ಲೆಕ್ಕವೂ ಇದರಲ್ಲಿದೆ, ನಿಜ.) ದಕ್ಷಿಣದ ಪ್ರದರ್ಶನದ ಮಗ್ಗಗಳಲ್ಲಿ ನಾನು ಕಂಡದ್ದು ಬಹುಪಾಲು ಗಂಡಸರನ್ನೇ. ಕಂಡಿಕೆ ಸುತ್ತುವ, ಹಾಸಿಗೆ ಗಂಜಿ ಹಚ್ಚುವ, ಹರಿದ ಎಳೆ ಹುಡುಕಿ ಕೂಡಿಸುವ ಕೈಗಳು ಊರಲ್ಲೇ ಉಳಿದಿರುತ್ತವೆ. ಇನ್ನು ಹಾಸಿಗೆ ಬೇಕಾದ ಬೀದಿಯ ಮಾತು. ಗಂಜಿ ಹಚ್ಚಿದ ಹಾಸನ್ನು ಉದ್ದಕ್ಕೆ ಎಳೆದುಕಟ್ಟಲು ಓಣಿ ಬೇಕು, ಹಿಡಿಯಲು ನೆರೆಯವರು ಬೇಕು. ಮನೆ ಬಿಚ್ಚಿ ತರಬಹುದು, ಓಣಿ ತರುವುದು ಹೇಗೆ?

ಒಮ್ಮೆ ಮೇಳವೊಂದರಲ್ಲಿ ಇಳಕಲ್ಲ ಕಡೆಯ ನೇಕಾರನೊಬ್ಬ ನೇಯುತ್ತಿದ್ದ. ಸುತ್ತ ನಿಂತವರ ಕಣ್ಣೆಲ್ಲ ಲಾಳಿಯ ಮೇಲೆ. ಅರವತ್ತು ದಾಟಿದ, ಇಳಕಲ್ಲ ಸೀರೆಯನ್ನೇ ಉಟ್ಟಿದ್ದ ಹೆಂಗಸೊಬ್ಬಳು ಮಾತ್ರ ಪಕ್ಕದ ಹಗ್ಗಕ್ಕೆ ಹಾಕಿದ್ದ ಸೀರೆಯ ಸೆರಗು ಹಿಡಿದು, ಮೈ ಮುಗಿದು ಕೆಂಪು ಶುರುವಾಗುವ ಗೆರೆಯನ್ನು ಎರಡು ಬೆರಳ ನಡುವೆ ಇಷ್ಟಿಷ್ಟೇ ಸರಿಸುತ್ತ ಕೊನೆಯವರೆಗೂ ತಡವಿ ನೋಡಿದಳು.

“ಕೊಂಡಿ ಯಾರ ಹಾಕ್ಯಾರಪಾ ತಮ್ಮಾ?”

ನೇಕಾರ ಲಾಳಿ ನಿಲ್ಲಿಸಿ ತಲೆ ಎತ್ತಿದ. “ನಮ್ಮ ಮನಿಯಾಕಿರೀ ಅವ್ವಾರ.”

“ಬಂದಾಳೇನು?”

“ಇಲ್ಲರೀ. ಒಬ್ಬರಿಗಷ್ಟ ಪಾಸ್ ಕೊಟ್ಟಾರ.”