ರಾಧೇಯ ಎಂಬ ಪ್ರತ್ಯಯ

‘ಸಾಕು’ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಒಂದು ಪೋಷಿಸು, ಇನ್ನೊಂದು ಇನ್ನು ಬೇಡ. ಊಟದೆಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ ಮಾತನ್ನೇ ಮಗುವಿಗೂ ಅಂಟಿಸಿ ‘ಸಾಕು ಮಗಳು’ ಎನ್ನುತ್ತೇವೆ. ಸಾಕು ನಾಯಿಗೂ ಅದೇ ಪದ. 1963ರಲ್ಲಿ ಬಿ.ಆರ್. ಪಂತುಲು ‘ಸಾಕು ಮಗಳು’ ಎಂಬ ಚಿತ್ರವನ್ನೇ ತೆಗೆದರು, ಕಲ್ಪನಾ ತೆರೆಗೆ ಬಂದದ್ದು ಅದರಲ್ಲೇ. ಆ ಹೆಸರು ಆಗ ಯಾರ ಕಿವಿಗೂ ಚುಚ್ಚಿದಂತಿಲ್ಲ.

ಈಗ ಚುಚ್ಚುತ್ತದೆ, ಹಾಗಾಗಿ ನಾವು ‘ದತ್ತು’ ಎಂಬ ಸಭ್ಯ ಪದಕ್ಕೆ ದಾಟಿದ್ದೇವೆ. ಬಸವೇಶ್ವರನಗರದಲ್ಲಿ ನನಗೆ ಪರಿಚಯದ ದಂಪತಿ ಮಗಳಿಗೆ ನಾಲ್ಕು ವರ್ಷಕ್ಕೇ ಈ ಪದ ಹೇಳಿಕೊಟ್ಟಿದ್ದರು, ಹೊರಗಿನವರ ಬಾಯಿಂದ ಕೇಳುವುದಕ್ಕಿಂತ ಮೊದಲು ಮನೆಯಲ್ಲೇ ಗೊತ್ತಾಗಲಿ ಅಂತ. ಎರಡನೇ ಕ್ಲಾಸಿನಲ್ಲಿದ್ದಾಗ ಅವಳು ಸಂಜೆ ಬಂದು ಕೇಳಿದಳಂತೆ: ‘ಅಮ್ಮಾ, ಮೈಸೂರು ಝೂನಲ್ಲಿ ಹುಲೀನ ದತ್ತು ತಗೋತಾರಲ್ಲ, ವರ್ಷ ಮುಗಿದ್ಮೇಲೆ ವಾಪಸ್ ಕೊಟ್ಬಿಡ್ತಾರಾ?’

ಮಗುವಿನ ಪ್ರಶ್ನೆ ನ್ಯಾಯವಾದದ್ದು. ಪ್ರಾಣಿಯನ್ನು ದತ್ತು ಪಡೆಯುವುದೆಂದರೆ ಇಂತಿಷ್ಟು ಅವಧಿಗೆ ಅದರ ಖರ್ಚು ಕಟ್ಟುವುದು. ಶಾಸಕರು ಶಾಲೆ ದತ್ತು ಪಡೆಯುತ್ತಾರೆ, ಸಂಸದರು ಗ್ರಾಮ ದತ್ತು ಪಡೆಯುತ್ತಾರೆ, ಕಂಪನಿಗಳು ಕೆರೆ ದತ್ತು ಪಡೆಯುತ್ತವೆ. ಹಣವಿರುವವರು ತೋರುವ ಉದಾರತೆ, ಪತ್ರಿಕೆಯಲ್ಲೊಂದು ಫೋಟೊ, ಮುಗಿಯಿತು. ವಿಜಯನಗರದ ಯಾವುದೇ ಮನೆಯಂಗಳದಲ್ಲಿ ‘ಪುಣ್ಯದ ಕೆಲಸ ಮಾಡಿದಿರಿ ಬಿಡಿ’ ಎಂಬ ಮಾತು ತಕ್ಷಣ ಬರುವುದು ಇದರಿಂದಲೇ. ಹೆತ್ತವರಿಗೆ ಯಾರೂ ಪುಣ್ಯದ ಲೆಕ್ಕ ಹೇಳುವುದಿಲ್ಲ.

ದತ್ತ ಎಂದರೆ ಕೊಡಲ್ಪಟ್ಟದ್ದು. ಹಳೆಯ ಶಾಸ್ತ್ರದ ದತ್ತಕ ಗಂಡು ಮಗುವೇ, ಪಿಂಡಕ್ಕೆ ಮತ್ತು ಆಸ್ತಿಗೆ. ಕಿತ್ತೂರಿನಲ್ಲಿ 1824ರಲ್ಲಿ ಜಗಳ ಹತ್ತಿದ್ದು ದತ್ತು ಮಗ ಶಿವಲಿಂಗಪ್ಪನನ್ನು ಬ್ರಿಟಿಷರು ಒಪ್ಪದೆ ಹೋದದ್ದಕ್ಕೆ. ಪಠ್ಯದಲ್ಲಿ ನಾವು ಓದಿದ ದತ್ತು ಎಲ್ಲವೂ ಸಿಂಹಾಸನದ್ದು, ತೊಟ್ಟಿಲಿನದಲ್ಲ. 1956ರ ಕಾಯ್ದೆ ಹೆಣ್ಣು ಮಗುವಿಗೂ ದಾರಿ ತೆರೆಯಿತು, ದತ್ತಹೋಮ ಕಡ್ಡಾಯವಲ್ಲ ಎಂದಿತು. ಮಗುವನ್ನು ನಿಜವಾಗಿ ಕೊಡಬೇಕು, ನಿಜವಾಗಿ ತೆಗೆದುಕೊಳ್ಳಬೇಕು, ಅದು ಮಾತ್ರ ಬಿಡುವಂತಿಲ್ಲ. ಇದಕ್ಕೆ ಕನ್ನಡದ ಹೆಂಗಸರು ಎಂದೋ ಹೇಳಿಟ್ಟ ಮಾತಿದೆ: ಮಡಿಲಿಗೆ ಹಾಕುವುದು. ಕಾನೂನಿನ ಭಾಷಾಂತರಕಾರರಿಗೆ ಅದು ಕೇಳಿಸಲಿಲ್ಲ.

2015ರ ಬಾಲನ್ಯಾಯ ಕಾಯ್ದೆಯಡಿ ಬರುವ ಮಕ್ಕಳ ವಿಷಯ ಬೇರೆ. ಅನಾಥ, ಪರಿತ್ಯಕ್ತ, ಒಪ್ಪಿಸಲ್ಪಟ್ಟ ಎಂದು ಅಲ್ಲಿ ಮೂರು ಬಗೆ. ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನ ಇರುತ್ತದೆ. ಆ ಅರವತ್ತು ದಿನ ಅವಳು ಏನು, ಮಗು ಯಾರದು ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಪದವಿಲ್ಲ, ಕತೆಯೂ ಇಲ್ಲವೆನ್ನುವಷ್ಟು ಕಡಿಮೆ. ‘ಪರಿತ್ಯಕ್ತ’ ಪದವೊಂದು ಕಡತದಲ್ಲಿ ಉಳಿದು, ಆ ಮಗು ದೊಡ್ಡದಾಗಿ ಓದಿಕೊಳ್ಳುವ ದಿನಕ್ಕೆ ಕಾಯುತ್ತಿರುತ್ತದೆ.

ಇಂಗ್ಲಿಷ್ ಈ ಬಡತನವನ್ನು ತುಂಬೀತು ಎಂದು ನಂಬುವವರಿದ್ದಾರೆ. ಚೀನಾ 1992ರಲ್ಲಿ ಕಾನೂನು ಮಾಡಿ ವಿದೇಶಿಯರಿಗೆ ದತ್ತು ಕೊಡತೊಡಗಿ, 2024ರಲ್ಲಿ ನಿಲ್ಲಿಸಿತು. ಅಮೆರಿಕ ಒಂದಕ್ಕೇ 80,000ಕ್ಕೂ ಹೆಚ್ಚು ಮಕ್ಕಳು ಹೋದರು, ಹೆಚ್ಚಿನವರು ಹೆಣ್ಣುಮಕ್ಕಳು. ಅಲ್ಲಿನ ಪಾಲಕರು ಒಂದು ಪದಕೋಶವನ್ನೇ ಕಟ್ಟಿಕೊಂಡರು. ಮಗು ಕೈಗೆ ಬಂದ ದಿನ ‘ಗಾಚಾ ಡೇ’, ಅಂದರೆ ‘ಸಿಕ್ಕಿಬಿಟ್ಟೆ’ ದಿನ. ಗಂಡು ಹೆಣ್ಣಿನ ಋಣಾನುಬಂಧಕ್ಕೆ ಚೀನೀಯರು ಹೇಳುತ್ತಿದ್ದ ಕೆಂಪು ದಾರದ ಕತೆಯನ್ನು ತಾಯಿ ಮಗುವಿಗೆ ಕಟ್ಟಿದರು. ಬೆಳೆದ ಹುಡುಗಿಯರಲ್ಲಿ ಹಲವರು ತಿರುಗಿ ಕೇಳಿದರು: ನಿಮಗೆ ಸಿಕ್ಕ ದಿನವೇ ನಾನು ಎಲ್ಲವನ್ನೂ ಕಳೆದುಕೊಂಡ ದಿನವೂ ಅಲ್ಲವೇ? ಅಷ್ಟಾದ ಮೇಲೂ ರಾಜಾಜಿನಗರದ ಬೇಕರಿಯ ಕೇಕಿನ ಮೇಲೆ ‘ಹ್ಯಾಪಿ ಗಾಚಾ ಡೇ’ ಬರೆಸಿದ್ದನ್ನು ನಾನು ಕಂಡಿದ್ದೇನೆ. ಅವರು ಹೆಣಗಾಡಿ ಕಂಡುಕೊಂಡ ‘ಬರ್ತ್ ಮದರ್’ಗೆ ನಮ್ಮಲ್ಲಿ ‘ಹೆತ್ತ ತಾಯಿ’ ಯಾವತ್ತೂ ಇದ್ದಳು. ನಮ್ಮ ನಿಜವಾದ ಕೆಟ್ಟ ಪದ ದತ್ತುವಲ್ಲ, ‘ಸ್ವಂತ’. ‘ಇದು ಸ್ವಂತ ಮಗೂನಾ?’

ಸಾಹಿತ್ಯವೂ ಇಲ್ಲಿ ಕೈಕೊಟ್ಟಿದೆ. ಪಂಪನಿಂದ ಕುಮಾರವ್ಯಾಸನವರೆಗೆ ನಾವು ಕಣ್ಣೀರಿಟ್ಟದ್ದು ಕುಂತಿಯ ಎದುರು ನಿಂತ ಕರ್ಣನಿಗಾಗಿ. ಹುಟ್ಟಿನ ಗುಟ್ಟು ಒಡೆಯುವುದೇ ನಮಗೆ ದುರಂತ. ಆದರೆ ‘ಸೂತಪುತ್ರ’ ಎಂದು ಹಂಗಿಸಿದವರನ್ನು ಗಮನಿಸಿ: ಅದು ಜಾತಿಯ ಹಂಗು, ದತ್ತಿನದಲ್ಲ. ಅವನು ಅಧಿರಥನ ಮಗನೇ ಎಂಬುದರಲ್ಲಿ ಶತ್ರುಗಳಿಗೂ ಅನುಮಾನವಿರಲಿಲ್ಲ. ಕೌಂತೇಯ, ರಾಧೇಯ ಎರಡಕ್ಕೂ ಒಂದೇ ಪ್ರತ್ಯಯ. ಹೆತ್ತವಳು ಸಾಕಿದವಳು ಎಂದು ವ್ಯಾಕರಣ ಭೇದ ಮಾಡಲಿಲ್ಲ.

ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕರ್ಣ ಕೃಷ್ಣನಿಗೆ ಲೆಕ್ಕ ಒಪ್ಪಿಸುತ್ತಾನೆ. ತನ್ನ ಮೇಲಿನ ಮಮತೆಗೆ ರಾಧೆಯ ಎದೆಯಲ್ಲಿ ಹಾಲು ಬಂತು, ಅವಳು ತನ್ನ ಮಲಮೂತ್ರ ಬಳಿದಳು, ಅಧಿರಥ ಜಾತಕರ್ಮ ಮಾಡಿಸಿ ಹೆಸರಿಡಿಸಿದ, ಮದುವೆ ಮಾಡಿದ, ಅವಳಿಗೆ ಪಿಂಡ ತಪ್ಪಿಸಲಿ ಹೇಗೆ ಅನ್ನುತ್ತಾನೆ. ದತ್ತು ಎಂದರೇನು ಎಂಬುದಕ್ಕೆ ಇದಕ್ಕಿಂತ ಪೂರ್ತಿಯಾದ ವಿವರಣೆ ನಾನು ಬೇರೆ ಓದಿಲ್ಲ. ಆದರೆ ನಾನು ನೋಡಿದ ‘ಕರ್ಣಭೇದನ’ ತಾಳಮದ್ದಳೆಗಳಲ್ಲಿ ಕೃಷ್ಣನಿಗೆ ಗಂಟೆಗಟ್ಟಲೆ ಮಾತಿದೆ, ಕುಂತಿಗೆ ಕಣ್ಣೀರಿದೆ. ರಾಧೆ ಒಮ್ಮೆಯೂ ಬರಲಿಲ್ಲ.