ಕೋಡಂಗಿ ಕುಣಿಯುವ ಹೊತ್ತು

ಯಕ್ಷಗಾನ ಮೇಳದ ಆಟವಿದ್ದ ರಾತ್ರಿ ನಮ್ಮೂರಿನ ಗದ್ದೆಗೆ ಜನ ಎರಡು ಕಂತಿನಲ್ಲಿ ಬರುತ್ತಿದ್ದರು. ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಹೆಸರಾಂತ ವೇಷಧಾರಿ ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಚಾಪೆ ಕಂಕುಳಲ್ಲಿಟ್ಟುಕೊಂಡು ಬರುವವರೇ ಹೆಚ್ಚು. ಚೆಂಡೆಯ ಮೊದಲ ಪೆಟ್ಟಿಗೇ ಬಂದು ಕೂರುವವರು ಹತ್ತಿಪ್ಪತ್ತು ಮಂದಿ. ಅವರಿಗೆ ಕಾಣಸಿಗುತ್ತಿದ್ದದ್ದು ಪೂರ್ವರಂಗದ ಕೋಡಂಗಿ ವೇಷಗಳು, ಬಾಲಗೋಪಾಲರು. ಇನ್ನೂ ಹೆಜ್ಜೆ ಕಲಿಯುತ್ತಿರುವ ಹುಡುಗರು. ನನ್ನ ದೊಡ್ಡಪ್ಪ ಆ ಹತ್ತಿಪ್ಪತ್ತರಲ್ಲಿ ಒಬ್ಬರು. ಇಷ್ಟು ಬೇಗ ಯಾಕೆ ಹೋಗುವುದು ಎಂದು ಗೊಣಗಿದರೆ, "ರಾಜವೇಷ ಕುಣಿದೇ ಕುಣಿಯುತ್ತದೆ ಮಾರಾಯ, ಅದರಲ್ಲಿ ನೋಡುವುದೇನು? ಈ ಹುಡುಗನ ಕಾಲು ತಾಳ ಹುಡುಕುತ್ತಾ ಉಂಟಲ್ಲ, ಅದನ್ನು ನೋಡು" ಎನ್ನುತ್ತಿದ್ದರು.

ಬೇಸ್‌ಬಾಲಿನ ಅರ್ಹತಾ ಸುತ್ತುಗಳನ್ನು ನಾನು ನೋಡುವುದು ದೊಡ್ಡಪ್ಪನ ಆ ಕಣ್ಣಿನಿಂದ.

ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಎಂದರೆ ಆ ಆಟದ ವಿಶ್ವಕಪ್ ಎನ್ನಬಹುದು. 2006ರಲ್ಲಿ ಶುರುವಾದಾಗ ಅದು ಮದುವೆಮನೆಯ ಹಾಗಿತ್ತು. ಕರೆಯೋಲೆ ಹೋದ 16 ದೇಶಗಳು ಬಂದವು, ಆಡಿದವು. 2009ರಲ್ಲೂ ಅದೇ 16. ಅರ್ಹತೆ ಎಂಬ ಮಾತು ಹುಟ್ಟಿದ್ದು 2013ರ ಪಂದ್ಯಾವಳಿಗೆ. ಹಿಂದಿನ ಸಲ ಒಂದಾದರೂ ಪಂದ್ಯ ಗೆದ್ದ 12 ತಂಡಗಳು ನೇರವಾಗಿ ಒಳಗೆ. ಒಂದನ್ನೂ ಗೆಲ್ಲದ ಕೆನಡಾ, ಪನಾಮಾ, ದಕ್ಷಿಣ ಆಫ್ರಿಕಾ, ಚೈನೀಸ್ ತೈಪೆ ಎಂಬ ಹೆಸರಿನಲ್ಲಿ ಆಡುವ ತೈವಾನ್, ಈ ನಾಲ್ವರು ಹೊರಗೆ ನಿಂತು ಹೊಸದಾಗಿ ಬಂದ 12 ತಂಡಗಳ ಜೊತೆ ಮತ್ತೆ ಬಾಗಿಲು ತಟ್ಟಬೇಕು. ಉಳಿದದ್ದು ನಾಲ್ಕೇ ಜಾಗ.

ಆ ಮೊದಲ ಅರ್ಹತಾ ಸುತ್ತಿನಲ್ಲೇ, 2012ರಲ್ಲಿ, ಪೂರ್ವರಂಗದ ರುಚಿ ಏನೆಂದು ಪನಾಮಾ ನಗರ ತೋರಿಸಿಕೊಟ್ಟಿತು. ಪನಾಮಾ ಎಂದರೆ ಮಾರಿಯಾನೋ ರಿವೆರಾ, ರಾಡ್ ಕೇರೂರಂಥ ಬೇಸ್‌ಬಾಲ್ ದಿಗ್ಗಜರನ್ನು ಹೆತ್ತ ನೆಲ. ಎದುರಿಗೆ ಬ್ರೆಜಿಲ್. ಕಾಲ್ಚೆಂಡಿನ ಆ ದೇಶದಲ್ಲಿ ಬೇಸ್‌ಬಾಲ್ ಎಂದರೆ ಬಹುಮಟ್ಟಿಗೆ ಜಪಾನಿನಿಂದ ವಲಸೆ ಬಂದ ಕುಟುಂಬಗಳು ಜೋಪಾನ ಮಾಡಿಕೊಂಡು ಬಂದ ಆಟ. ನಿರ್ಣಾಯಕ ಪಂದ್ಯದಲ್ಲಿ ಬಿದ್ದದ್ದು ಒಂದೇ ಒಂದು ರನ್, ಅದು ಬ್ರೆಜಿಲ್‌ನದು. 1-0. ತವರಿನ ಜನರ ಎದುರಿಗೇ ಪನಾಮಾ ಸೋತು ಹೊರಬಿತ್ತು. ಒಂದು ರನ್ನನ್ನು ಒಂಬತ್ತನೇ ಇನಿಂಗ್ಸ್‌ವರೆಗೆ ಬೊಗಸೆಯಲ್ಲಿ ನೀರು ಹಿಡಿದ ಹಾಗೆ ಸೋರದಂತೆ ಕಾಯುವುದಿದೆಯಲ್ಲ, ಆ ಬಿಗಿ ಹತ್ತು ರನ್ನಿನ ಗೆಲುವಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ನಾನು ಆದಿಯಿಂದ ಅಂತ್ಯದವರೆಗೆ ಮನಸ್ಸಿಟ್ಟು ನೋಡಿದ್ದು ಮಾತ್ರ 2022ರ ಸೆಪ್ಟೆಂಬರಿನದು. ಜರ್ಮನಿಯಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯ ರೇಗನ್ಸ್‌ಬುರ್ಗ್. ಕ್ಲಾಸಿಕ್ 20 ತಂಡಗಳಿಗೆ ಹಿಗ್ಗಿತ್ತು. ಅಲ್ಲಿ ಸೇರಿದ ಆರು ತಂಡಗಳಿಗೆ ಇದ್ದದ್ದು ಎರಡು ಜಾಗ. ಕಟ್ಟಳೆ ಸರಳ: ಪ್ರತಿಯೊಬ್ಬರಿಗೂ ಎರಡು ಜೀವ. ಒಮ್ಮೆ ಸೋತರೆ ಉಸಿರು ಉಳಿದಿರುತ್ತದೆ, ಎರಡನೆಯ ಸಲ ಸೋತರೆ ಗಂಟುಮೂಟೆ.

ಅಲ್ಲಿ ಚೆಕ್ ಗಣರಾಜ್ಯದ ತಂಡವಿತ್ತು. ತರಬೇತುದಾರ ಪಾವೆಲ್ ಹಾದಿಮ್ ವೃತ್ತಿಯಿಂದ ನರರೋಗ ವೈದ್ಯರು. ಆಟಗಾರರಲ್ಲಿ ಒಬ್ಬರು ಶಾಲಾ ಮೇಷ್ಟ್ರು, ಒಬ್ಬರು ಎಲೆಕ್ಟ್ರಿಷಿಯನ್, ಒಬ್ಬರು ಅಗ್ನಿಶಾಮಕ ದಳದವರು. ಬೇಸ್‌ಬಾಲ್ ಅವರ ಹೊಟ್ಟೆಪಾಡಲ್ಲ. ಕೆಲಸ ಮುಗಿಸಿ, ರಜೆ ಬರೆದು ಆಡುವ ಆಟ. ನಮ್ಮ ಕಡೆ ಹಗಲು ತೋಟದ ಕೆಲಸ ಮಾಡಿ ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವರಿಲ್ಲವೇ, ಹಾಗೆ. ಈ ತಂಡ ಸ್ಪೇನ್ ಎದುರು 21-7ರಿಂದ ಸೋತಿತು. ಇಪ್ಪತ್ತೊಂದು! ಬೇಸ್‌ಬಾಲಿನಲ್ಲಿ ಅದು ಸೋಲಿಗಿಂತ ಹೆಚ್ಚಾಗಿ ಮಾನಭಂಗ. ಆ ರಾತ್ರಿ ಫೋನು ಆರಿಸಿ ಮಲಗುವಾಗ ಇವರ ಕಥೆ ಮುಗಿಯಿತು ಎಂದುಕೊಂಡಿದ್ದೆ.

ಮುಗಿದಿರಲಿಲ್ಲ. ಒಂದು ಜೀವ ಉಳಿದಿತ್ತು. ಅದೊಂದನ್ನೇ ಹಿಡಿದು ಅವರು ಗೆಲ್ಲುತ್ತ ಬಂದರು, ಕೊನೆಯ ದಿನ ಮತ್ತೆ ಎದುರಾದದ್ದು ಅದೇ ಸ್ಪೇನ್. ಸ್ಪೇನ್ ಅಷ್ಟರಲ್ಲಿ ಬ್ರಿಟನ್ನಿನ ಎದುರು ಹೆಚ್ಚುವರಿ ಇನಿಂಗ್ಸ್‌ನಲ್ಲಿ 10-9ರಿಂದ, ಒಂದೇ ರನ್ನಿನಿಂದ, ತನ್ನ ಒಂದು ಜೀವ ಕಳೆದುಕೊಂಡಿತ್ತು. ಈಗ ಎರಡೂ ತಂಡಗಳು ಸಮಾನ ದುಃಖಿಗಳು. ಚೆಕ್ ಪರವಾಗಿ ಚೆಂಡು ಹಿಡಿದು ನಿಂತವರು ಆ ಅಗ್ನಿಶಾಮಕ ದಳದ ಮಾರ್ಟಿನ್ ಶ್ನೈಡರ್. ಅವರ ಎಸೆತದಲ್ಲಿ ಬೆಂಕಿಯಿರಲಿಲ್ಲ. ಬೆಂಕಿ ಆರಿಸುವವನ ನಿಧಾನವಿತ್ತು. 21 ರನ್ ಚಚ್ಚಿದ್ದ ಅದೇ ಬ್ಯಾಟುಗಳನ್ನು ಆರನೇ ಇನಿಂಗ್ಸ್ ದಾಟುವ ತನಕ ಅವರು ತಣ್ಣಗೆ ಇಟ್ಟರು. ಪಂದ್ಯ 3-1. ದೊಡ್ಡಪ್ಪ ಹೇಳಿದ, ಕಾಲು ತಾಳ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿಬಿಡುವ ಗಳಿಗೆ ಅದೇ ಇರಬೇಕು. ಚೆಕ್ ತಂಡ ಮೊದಲ ಬಾರಿಗೆ ಕ್ಲಾಸಿಕ್‌ಗೆ ಹೊರಟಿತು.

ಇಷ್ಟು ಹೊತ್ತು ಒಳಗೆ ಬರುವವರ ಮಾತಾಯಿತು. ಹೊರಗೆ ಬೀಳುವವರ ಚೆಲುವು ಇನ್ನೂ ಸೂಕ್ಷ್ಮ. 2023ರ ಕ್ಲಾಸಿಕ್‌ನಲ್ಲಿ ನಾಲ್ಕು ಗುಂಪು, ಗುಂಪಿಗೆ ಐದು ತಂಡ. ಮೊದಲೆರಡು ಸ್ಥಾನದವರು ಮುಂದಿನ ಸುತ್ತಿಗೆ. ಮೂರು, ನಾಲ್ಕನೆಯವರಿಗೆ ಪದಕವಿಲ್ಲ, ಮುನ್ನಡೆಯಿಲ್ಲ. ಆದರೆ ಮುಂದಿನ ಕ್ಲಾಸಿಕ್‌ಗೆ ನೇರ ಪ್ರವೇಶ. ಐದನೆಯವರು ಮಾತ್ರ ಮತ್ತೆ ಅರ್ಹತಾ ಸುತ್ತಿನ ಚೌಕಿಗೆ ಹೋಗಿ ಬಣ್ಣ ಹಚ್ಚಬೇಕು. ಈ ಒಂದು ಕಟ್ಟಳೆಯಿಂದ, ಬೇರೆ ಪಂದ್ಯಾವಳಿಗಳಲ್ಲಿ ಸತ್ತೇ ಹೋಗಿರುವ ಕೆಳಗಿನವರ ಪಂದ್ಯಗಳಿಗೆ ಜೀವ ಬಂತು. ಮೊದಲಿಗರಾಗುವ ಆಸೆ ಎಲ್ಲರಿಗೂ ಅರ್ಥವಾಗುತ್ತದೆ. ಕೊನೆಯವರಾಗದಿರುವ ಹಟದ ರುಚಿ ಹತ್ತಬೇಕಾದರೆ ಸ್ವಲ್ಪ ಹೊತ್ತು ಕೂರಬೇಕು.

ತೈವಾನಿನ ತೈಚುಂಗ್‌ನಲ್ಲಿ ನಡೆದ ಗುಂಪನ್ನೇ ನೋಡಿ. ಕ್ಯೂಬಾ, ಇಟಲಿ, ನೆದರ್ಲೆಂಡ್ಸ್, ಪನಾಮಾ, ಚೈನೀಸ್ ತೈಪೆ. ಎಲ್ಲ ಪಂದ್ಯ ಮುಗಿದಾಗ ಐದೂ ತಂಡಗಳದ್ದು ಎರಡು ಗೆಲುವು, ಎರಡು ಸೋಲು. ತಕ್ಕಡಿಯ ಮುಳ್ಳು ಅಲ್ಲಾಡದೆ ನಿಂತುಬಿಟ್ಟಿತು. ಆಗ ತೆಗೆದದ್ದು ಲೆಕ್ಕದ ಪುಸ್ತಕ. ನಮ್ಮ ಕ್ರಿಕೆಟ್ಟಿನ ನೆಟ್ ರನ್‌ರೇಟಿನಲ್ಲಿ ಹೊಡೆದದ್ದಕ್ಕೂ ಬೆಲೆ, ಕೊಟ್ಟದ್ದಕ್ಕೂ ಬೆಲೆ. ಇಲ್ಲಿ ಹೊಡೆದದ್ದನ್ನು ಕೇಳುವವರೇ ಇಲ್ಲ. ಬಿಟ್ಟುಕೊಟ್ಟ ರನ್ನುಗಳನ್ನು ಎದುರಾಳಿಗಳಿಂದ ಕಿತ್ತ ಔಟುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಕಡಿಮೆ ಬಂದವರು ಮೇಲೆ. ಕ್ಯೂಬಾ ಬಿಟ್ಟುಕೊಟ್ಟದ್ದು 15 ರನ್. ಇಟಲಿ 17. ನೆದರ್ಲೆಂಡ್ಸ್ 19. ಪನಾಮಾ 21. ಯಾರೋ ಅಳೆದು ಮೆಟ್ಟಿಲು ಕಟ್ಟಿದಂತೆ ಎರಡೆರಡೇ ಏರಿದ ಆ ಸಾಲು ಕೊನೆಯಲ್ಲಿ ಒಮ್ಮೆಗೇ ಹಾರಿತು: ಚೈನೀಸ್ ತೈಪೆ 31.

ಆತಿಥೇಯರು ಕೊನೆಯವರಾದರು. ಇನ್ನೊಂದು ಲೆಕ್ಕವನ್ನು ನಾನೇ ಕೂತು ಕೂಡಿದೆ. ಆ ಐದು ತಂಡಗಳಲ್ಲಿ ಅತಿ ಹೆಚ್ಚು ರನ್ ಹೊಡೆದವರು ಯಾರು? ಅದೇ ಚೈನೀಸ್ ತೈಪೆ, 26 ರನ್. ಅತಿ ಕಡಿಮೆ ಹೊಡೆದ ನೆದರ್ಲೆಂಡ್ಸ್, ಬರೀ 13, ಮೂರನೆಯ ಸ್ಥಾನದಲ್ಲಿ ಸುಖವಾಗಿತ್ತು. ಎಷ್ಟು ಗಳಿಸಿದೆ ಎಂದು ಕೇಳದೆ ಎಷ್ಟು ಸೋರಿಹೋಯಿತು ಎಂದು ಕೇಳುವ ಈ ನಿಯಮದಲ್ಲಿ ನಮ್ಮ ಅಜ್ಜಿಯಂದಿರ ಮನೆವಾರ್ತೆಯ ವಿವೇಕವಿದೆ. ಅದರ ಜೊತೆಗೇ, ಮನೆ ತುಂಬ ದುಡಿದು ತಂದ ಮಗನನ್ನು ಹೊರಗೆ ನಿಲ್ಲಿಸುವ ನಿಷ್ಠುರವೂ ಇದೆ.

ಬೇರೆ ಗುಂಪಿನಲ್ಲಿ ಕೊಲಂಬಿಯಾದ ಪಾಡು ಇನ್ನೊಂದು ಬಗೆ. ಅದು ಮೆಕ್ಸಿಕೋವನ್ನು ಸೋಲಿಸಿತು. ಮೆಕ್ಸಿಕೋ ಆ ಗುಂಪಿನಲ್ಲಿ ಬೇರೆ ಯಾರಿಗೂ ಸೋಲದೆ ಅಗ್ರಸ್ಥಾನ ಪಡೆದು ಸೆಮಿಫೈನಲ್ ತನಕ ಹೋಯಿತು. ಕೊಲಂಬಿಯಾ ಮಾತ್ರ, ರೇಗನ್ಸ್‌ಬುರ್ಗ್‌ನಿಂದ ಬಂದ ಬ್ರಿಟನ್ನಿನ ಎದುರು 7-5ರಿಂದ ಎಡವಿ, ಕೊನೆಯ ಸ್ಥಾನಕ್ಕೆ ಜಾರಿತು. ಹುಲಿಯನ್ನು ಹೊಡೆದು ಬಂದವ ಹೊಸ್ತಿಲು ಎಡವಿ ಬಿದ್ದಂತೆ. ಬ್ರಿಟನ್ನಿಗೆ ಆ ಒಂದೇ ಗೆಲುವು ಮುಂದಿನ ಸಲದ ಚೀಟಿಯಾಯಿತು.

ನಿಕರಾಗುವಾ ನಾಲ್ಕಕ್ಕೆ ನಾಲ್ಕೂ ಸೋತಿತು. ಆದರೂ ಅವರ ಒಂದು ಇನಿಂಗ್ಸ್ ಯಾರಿಗೂ ಮರೆಯುವಂತಿಲ್ಲ. ಡೊಮಿನಿಕನ್ ಗಣರಾಜ್ಯದ ವಿರುದ್ಧ ಸೋಲು ಖಚಿತವಾಗಿದ್ದ ಒಂಬತ್ತನೇ ಇನಿಂಗ್ಸ್‌ನಲ್ಲಿ 21 ವರ್ಷದ ಡೂಕೆ ಹೆಬರ್ಟ್ ಎಂಬ ಹುಡುಗ ಚೆಂಡು ಹಿಡಿದು ಬಂದ. ಎದುರಿಗೆ ಆ ಆಟದ ದೊಡ್ಡ ತಾರೆಗಳು. ಹುವಾನ್ ಸೋಟೋ ಸ್ಟ್ರೈಕ್ಔಟ್. ಹೂಲಿಯೋ ರೊಡ್ರಿಗೆಸ್ ಸ್ಟ್ರೈಕ್ಔಟ್. ಮ್ಯಾನಿ ಮಚಾಡೋ ಒಂದು ಹೊಡೆತ ಹೊಡೆದರು, ಹೋಗಲಿ. ರಫಾಯೆಲ್ ಡೆವರ್ಸ್ ಸ್ಟ್ರೈಕ್ಔಟ್. ಅಮೆರಿಕದ ಡೆಟ್ರಾಯ್ಟ್ ಟೈಗರ್ಸ್ ತಂಡದವರು ಅಂದೇ ಆ ಹುಡುಗನ ಮುಂದೆ ಕರಾರಿನ ಮಾತು ಇಟ್ಟರು. ಅಷ್ಟೊತ್ತಿಗೆ ನಿಕರಾಗುವಾ 6-1ರಿಂದ ಸೋತಾಗಿತ್ತು.

ಅದೇ ಕ್ಲಾಸಿಕ್‌ನಲ್ಲಿ, ಮಾರ್ಚ್ 11ರಂದು, ಟೋಕಿಯೋ ಡೋಮ್‌ನಲ್ಲಿ ಚೆಕ್ ತಂಡ ಜಪಾನಿನ ಎದುರು ನಿಂತಿತು. ಎಲೆಕ್ಟ್ರಿಷಿಯನ್ ಒಂಡ್ರೇ ಸಾಟೋರಿಯಾ ಚೆಂಡು ಹಿಡಿದಿದ್ದರು. ಅವರ ವೇಗದ ಎಸೆತವೂ ಗಂಟೆಗೆ 130 ಕಿಲೋಮೀಟರ್ ಮುಟ್ಟುವುದಿಲ್ಲ. ಜಪಾನಿನ ರೋಕಿ ಸಸಾಕಿ ಅಂದು 160 ದಾಟಿಸುತ್ತಿದ್ದರು. ಮೂರನೇ ಇನಿಂಗ್ಸ್‌ನಲ್ಲಿ ಸಾಟೋರಿಯಾ ಎದುರಿಗೆ ಶೋಹೆ ಒಟಾನಿ. ನಿಧಾನದ ಆ ಚೆಂಡು ಎಲೆ ಉದುರಿದ ಹಾಗೆ ಬಂತು. ಜಗತ್ತಿನ ಅತಿ ದೊಡ್ಡ ಆಟಗಾರ ಬೇಗ ಬೀಸಿದರು, ಬ್ಯಾಟು ಗಾಳಿಯನ್ನು ಸೀಳಿತು. ಮೂರೇ ಎಸೆತದಲ್ಲಿ ಸ್ಟ್ರೈಕ್ಔಟ್. ಪಂದ್ಯವನ್ನು ಜಪಾನ್ 10-2ರಿಂದ ಗೆದ್ದಿತು, ಅದು ಬೇರೆ ಮಾತು. ಹತ್ತು ದಿನ ಕಳೆದು ಮಯಾಮಿಯಲ್ಲಿ ಒಟಾನಿ ಅಮೆರಿಕದ ಮೈಕ್ ಟ್ರೌಟ್ ಅವರನ್ನು ಸ್ಟ್ರೈಕ್ಔಟ್ ಮಾಡಿ ಜಪಾನಿಗೆ ಕಿರೀಟ ತಂದರು. ಅದನ್ನು ಲೋಕವೆಲ್ಲ ನೋಡಿತು. ಚಾಪೆ ಹಿಡಿದು ತಡವಾಗಿ ಬರುವವರಿಗೆ ಆ ರಾಜವೇಷ ಸಾಕು. ನನ್ನ ಕಣ್ಣಲ್ಲಿ ಉಳಿದದ್ದು ಮೊದಲಿನದು.

ಆ ಪಂದ್ಯಕ್ಕೆ ಇನ್ನೂ ಎರಡು ಬಾಲಗಳಿವೆ. ಸಸಾಕಿಯ ಒಂದು ಎಸೆತ ಚೆಕ್ ಬ್ಯಾಟರ್ ವಿಲೀ ಎಸ್ಕಾಲಾ ಅವರ ಕಾಲಿಗೆ ಬಡಿದು ಅವರು ನೆಲಕ್ಕೆ ಬಿದ್ದಿದ್ದರು. ಆಮೇಲೆ ಸಸಾಕಿ ಚೀಲದ ತುಂಬ ಮಿಠಾಯಿ ಹೊತ್ತು ಅವರ ಹೋಟೆಲಿಗೆ ಹೋಗಿ ಕ್ಷಮೆ ಕೇಳಿದರು. ಒಟಾನಿ ಮಯಾಮಿಗೆ ಬಂದಿಳಿದಾಗ ತಲೆಯ ಮೇಲಿದ್ದದ್ದು ಚೆಕ್ ತಂಡದ ಟೋಪಿ. ಚೀನಾವನ್ನು 8-5ರಿಂದ ಸೋಲಿಸಿದ್ದ ಚೆಕ್ ತಂಡ ಗುಂಪಿನಲ್ಲಿ ನಾಲ್ಕನೆಯದಾಗಿ, ಕೊನೆಯವರಾಗದೆ, 2026ರ ಕ್ಲಾಸಿಕ್‌ಗೆ ನೇರವಾಗಿ ಜಾಗ ಪಡೆಯಿತು. ಕೋಡಂಗಿ ವೇಷದ ಹುಡುಗರಿಗೆ ಪ್ರಸಂಗದಲ್ಲೇ ಪಾತ್ರ ಸಿಕ್ಕಿತು.

ಹಾಗಾದರೆ ಹೊರಬಿದ್ದ ತೈವಾನ್? 2024ರ ನವೆಂಬರ್ 24ರಂದು ಅದೇ ತಂಡ ಅದೇ ಟೋಕಿಯೋ ಡೋಮ್‌ನಲ್ಲಿ ಪ್ರೀಮಿಯರ್ 12 ಎಂಬ ಇನ್ನೊಂದು ದೊಡ್ಡ ಪಂದ್ಯಾವಳಿಯ ಫೈನಲ್‌ನಲ್ಲಿ ಜಪಾನನ್ನು 4-0ರಿಂದ ಸೋಲಿಸಿತು. ನಾಯಕ ಚೆನ್ ಚಿಯೇ-ಶಿಯೆನ್ ಹೋಮ್ ರನ್ ಹೊಡೆದು ಓಡುವಾಗ, ದೇಶದ ಹೆಸರಿಲ್ಲದ ತಮ್ಮ ಅಂಗಿಯ ಎದೆಯ ಮೇಲೆ ಬೆರಳುಗಳಿಂದ ಒಂದು ಚೌಕಟ್ಟು ತೋರಿಸಿದರು. ಹೆಸರು ಹೇಳಲಾಗದವರು ಜಾಗ ತೋರಿಸಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಇದೇ ಚಾಂಪಿಯನ್ನರು ತೈಪೆ ಡೋಮ್‌ನಲ್ಲಿ ಅರ್ಹತಾ ಸುತ್ತಿನ ಸಾಲಿನಲ್ಲಿ ನಿಂತಿದ್ದರು. ಕಿರೀಟ ಕಟ್ಟಿದ ರಾಜ ಮತ್ತೆ ಕೋಡಂಗಿಯಾಗಿ ಕುಣಿಯಬೇಕಾದ ಪ್ರಸಂಗ ಯಾವ ಮೇಳದಲ್ಲಿದೆ? ಮೊದಲ ರಾತ್ರಿಯೇ 12-5ರಿಂದ ಸೋತರು, ಸೋಲಿಸಿದ್ದು ಸ್ಪೇನ್. ದಕ್ಷಿಣ ಆಫ್ರಿಕಾವನ್ನು ಗೆದ್ದರು, ನಿಕರಾಗುವಾಕ್ಕೆ 6-0ರಿಂದ ಸೋತರು. ಹೆಬರ್ಟ್‌ನ ನಾಡಿನವರು ಮೊದಲ ಚೀಟಿ ಹಿಡಿದು ಒಳಗೆ ನಡೆದರು. ಎರಡು ಜೀವದ ಕಟ್ಟಳೆ ಇಲ್ಲಿರಲಿಲ್ಲ; ಉಳಿದ ಒಂದು ಜಾಗಕ್ಕೆ ಫೆಬ್ರವರಿ 25ರಂದು ಮತ್ತೆ ಸ್ಪೇನ್ ಎದುರು. ಈ ಸಲ 6-3. ತೈವಾನ್ ಉಸಿರು ಬಿಟ್ಟಿತು.

ಕೊಲಂಬಿಯಾವೂ ಅರಿಝೋನಾದ ಟೂಸಾನ್‌ನಲ್ಲಿ ಗೆದ್ದು ಮರಳಿತು. ಬಿದ್ದ ನಾಲ್ವರಲ್ಲಿ ಚೀನಾ ಒಂದೇ ಹೊರಗುಳಿಯಿತು. ಅದರ ಜಾಗಕ್ಕೆ ಬಂದದ್ದು, ಹನ್ನೆರಡು ವರ್ಷ ಹಿಂದೆ ಒಂದು ರನ್ನನ್ನು ಬೊಗಸೆಯಲ್ಲಿ ಕಾದಿದ್ದ ಬ್ರೆಜಿಲ್.

ಇದನ್ನೆಲ್ಲ ಬರೆಯುವಾಗ ಒಂದು ತಂಡ ನನ್ನನ್ನು ಬಿಡದೆ ಕಾಡುತ್ತದೆ. 2012ರಲ್ಲಿ ಇಸ್ರೇಲನ್ನು ಹತ್ತನೇ ಇನಿಂಗ್ಸ್‌ನಲ್ಲಿ 9-7ರಿಂದ ಸೋಲಿಸಿ ಒಮ್ಮೆ ಒಳಗೆ ಬಂದ ಸ್ಪೇನ್, ಮತ್ತೆ 2016ರಲ್ಲಿ ಸೋತಿತು. 2022ರಲ್ಲಿ ಬ್ರಿಟನ್ನಿನ ಎದುರು ಒಂದು ರನ್ನಿನಿಂದ, ಚೆಕ್ ಎದುರು ಎರಡು ರನ್ನಿನಿಂದ ಸೋತಿತು. 2025ರಲ್ಲಿ ಪ್ರೀಮಿಯರ್ 12ರ ವಿಜೇತರನ್ನು ಅವರದೇ ಅಂಗಳದಲ್ಲಿ ಬಡಿದು, ಐದನೆಯ ದಿನ ಅವರಿಗೇ ಸೋತಿತು. ಪಾತ್ರ ಸಿಗುವ ತನಕ ಬಂದು, ಪಾತ್ರ ಸಿಗದೆ ಚೌಕಿಗೆ ಮರಳುವ ತಂಡ ಅದು. ಎಲ್ಲ ಮೇಳದಲ್ಲೂ ಅಂಥ ಒಬ್ಬ ಹುಡುಗ ಇರುತ್ತಾನೆ. ಕುಣಿತ ಬರುತ್ತದೆ, ಗೆಜ್ಜೆ ಗಟ್ಟಿಯಿದೆ, ಯಾಕೋ ವರ್ಷ ಕಳೆದರೂ ಪೂರ್ವರಂಗ ದಾಟುವುದಿಲ್ಲ.

ಅಂಥವನೊಬ್ಬ ಕುಣಿದು ಒಳಗೆ ಹೋದಾಗ ದೊಡ್ಡಪ್ಪ ಚಪ್ಪಾಳೆ ತಟ್ಟಿದ್ದು ನೆನಪಿದೆ. ಖಾಲಿ ಗದ್ದೆಯಲ್ಲಿ ಅದೊಂದೇ ಚಪ್ಪಾಳೆ. ಹುಡುಗ ಪರದೆಯ ಬಳಿ ಒಂದು ಕ್ಷಣ ತಿರುಗಿ ನೋಡಿದ್ದ. ಮುಂದಿನ ಅರ್ಹತಾ ಸುತ್ತು ಎಲ್ಲೇ ನಡೆಯಲಿ, ಎಷ್ಟು ಹೊತ್ತಿಗೇ ಇರಲಿ, ನಾನು ಚೆಂಡೆಯ ಮೊದಲ ಪೆಟ್ಟಿಗೇ ಹೋಗಿ ಕೂರುವವನು. ಸ್ಪೇನ್ ಬರಬಹುದು.